ರಕ್ತ ತಪಾಸಣೆಯ ಸೂಕ್ಷ್ಮ ಯಂತ್ರ: ತರುವ ಮೊದಲು, ತಂದ ಮೇಲೆ



ಮಂಗಳೂರಿನಿಂದ ಮಡಿಕೇರಿ ದಾರಿಯಾಗಿ ಮೈಸೂರಿಗೆ ಹೊರಟ ಬಸ್ಸು ಹುಣಸೂರು ದಾಟಿದ ಮೇಲೆ ಬಿಳಿಕೆರೆಗೆ ಬರುತ್ತದೆ. ನಮ್ಮಲ್ಲಿ ಎಷ್ಟೋ ಮಂದಿ ಈ ದಾರಿಯಲ್ಲಿ ಹತ್ತಾರು ಬಾರಿ ಹೋಗಿ ಬಂದಿದ್ದೇವೆ. ಆದರೆ ಹುಣಸೂರಿನಲ್ಲಿ ದಕ್ಷಿಣಕ್ಕೆ ತಿರುಗಿ ಹೆಗ್ಗಡದೇವನಕೋಟೆಯ ಕಡೆಗೆ ಹೋದವರು ಕಡಿಮೆ. ಅಲ್ಲಿಂದ ಮುಂದೆ ಈಗ ಪ್ರತ್ಯೇಕ ತಾಲ್ಲೂಕಾಗಿರುವ ಸರಗೂರು, ಕಬಿನಿಯ ಹಿನ್ನೀರು, ನಾಗರಹೊಳೆಯ ಕಾಡು ಮತ್ತು ಕಾಡಂಚಿನ ಹಾಡಿಗಳಿವೆ. ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಕುಟುಂಬಗಳು ಇಲ್ಲಿ ವಾಸಿಸುತ್ತವೆ. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟುಗಳೆಂದು ಸರಕಾರ ಗುರುತಿಸಿರುವುದು ಎರಡನ್ನು ಮಾತ್ರ. ಒಂದು ನಮ್ಮ ಕರಾವಳಿಯ ಕೊರಗರು, ಇನ್ನೊಂದು ಈ ಜೇನುಕುರುಬರು.

ಹಾಡಿಯ ಒಂದು ಮಗು ಪದೇ ಪದೇ ಕೈಕಾಲು ನೋವೆಂದು ಅಳುತ್ತದೆ. ಕಣ್ಣು ಹಳದಿಯಾಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಜ್ವರ ಬಂದರೆ ಬೇಗ ಇಳಿಯುವುದಿಲ್ಲ. ಮನೆಯವರು ಅದನ್ನು ದೃಷ್ಟಿ ತಾಗಿದ್ದು ಎನ್ನಬಹುದು, ಔಷಧ ಅಂಗಡಿಯವರು ಬರೀ ರಕ್ತಹೀನತೆ ಎಂದು ಕಬ್ಬಿಣದ ಮಾತ್ರೆ ಕೊಡಬಹುದು. ಆದರೆ ಅದು ಸಿಕಲ್ ಸೆಲ್ ಕಾಯಿಲೆ, ಅಂದರೆ ಕುಡಗೋಲು ಕಣ ರಕ್ತಹೀನತೆ ಆಗಿರಲೂಬಹುದು. ಅದನ್ನು ಖಚಿತವಾಗಿ ಹೇಳಲು ಒಂದು ಸೂಕ್ಷ್ಮ ಯಂತ್ರ ಬೇಕು. ಆ ಯಂತ್ರವನ್ನು ಪ್ರಯೋಗಾಲಯದಲ್ಲಿ ನೆಲೆಗೊಳಿಸುವುದು ಹೇಗೆ, ಅದಕ್ಕೆ ಏನೆಲ್ಲ ಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಸಂಘ ಸಂಸ್ಥೆಗಳ ಮೂಲಕ ಆಸ್ಪತ್ರೆಗಳಿಗೆ ಯಂತ್ರ ದಾನ ಮಾಡುವವರಿಗೂ, ದವಾಖಾನೆ ನಡೆಸುವ ಧರ್ಮಭಗಿನಿಯರಿಗೂ, ಆರೋಗ್ಯ ಕಾರ್ಯಕರ್ತರಿಗೂ ಇದು ಉಪಯೋಗವಾಗಬಹುದು.

ಕಾಯಿಲೆಯ ಹಿನ್ನೆಲೆ

ಕೆಂಪು ರಕ್ತಕಣದೊಳಗೆ ಆಮ್ಲಜನಕವನ್ನು ಹೊರುವ ವಸ್ತು ಹಿಮೋಗ್ಲೋಬಿನ್. ಆರೋಗ್ಯವಂತ ವಯಸ್ಕರಲ್ಲಿ ಇದರ ಬಹುಪಾಲು 'ಎ' ಎಂಬ ಬಗೆಯದು. ಕೆಲವರಲ್ಲಿ ಹುಟ್ಟಿನಿಂದಲೇ 'ಎಸ್' ಎಂಬ ಬಗೆ ಇರುತ್ತದೆ. ಆಮ್ಲಜನಕ ಕಡಿಮೆಯಾದಾಗ ಈ ಎಸ್ ಹಿಮೋಗ್ಲೋಬಿನ್ ಕೋಲಿನಂತೆ ಒಂದಕ್ಕೊಂದು ಅಂಟಿಕೊಂಡು ರಕ್ತಕಣವನ್ನು ಕುಡಗೋಲಿನ ಆಕಾರಕ್ಕೆ ತರುತ್ತದೆ. ಅಂಥ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಬೇಗ ಒಡೆಯುತ್ತವೆ. ನೋವು, ಕಾಮಾಲೆ, ರಕ್ತಹೀನತೆ, ಸೋಂಕು ಎಲ್ಲವೂ ಇದರ ಫಲ.

ಇದನ್ನು ಮೊದಲು ವೈದ್ಯಪತ್ರಿಕೆಯಲ್ಲಿ ವಿವರಿಸಿದವರು ಶಿಕಾಗೋದ ಡಾ. ಜೇಮ್ಸ್ ಹೆರಿಕ್, 1910ರಲ್ಲಿ. ಹಿಮೋಗ್ಲೋಬಿನ್‌ನ ಅಣುವಿನಲ್ಲೇ ದೋಷವಿದೆಯೆಂದು ಲೈನಸ್ ಪೌಲಿಂಗ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿದರು. ನಮ್ಮ ದೇಶದಲ್ಲಿ 1952ರಲ್ಲಿ ಲೇಹ್ಮನ್ ಮತ್ತು ಕಟ್‌ಬುಶ್ ಎಂಬ ಸಂಶೋಧಕರು ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲಿ ಇದನ್ನು ಗುರುತಿಸಿದರು. ನೀಲಗಿರಿ, ವಯನಾಡು, ಹೆಗ್ಗಡದೇವನಕೋಟೆ ಒಂದೇ ಕಾಡಿನ ಸೆರಗಿನಲ್ಲಿರುವ ಊರುಗಳು. ಮಲೇರಿಯಾ ಹಬ್ಬಿದ್ದ ಪ್ರದೇಶಗಳಲ್ಲಿ ಈ ಗುಣ ಉಳಿದುಕೊಂಡು ಬಂದಿದೆ, ಏಕೆಂದರೆ ವಾಹಕರಿಗೆ ತೀವ್ರ ಮಲೇರಿಯಾದಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ. ಆದ್ದರಿಂದ ಇದು ಯಾರ ತಪ್ಪೂ ಅಲ್ಲ, ಶಾಪವೂ ಅಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಎಸ್ ಬಂದರೆ ಆ ವ್ಯಕ್ತಿ ವಾಹಕ. ಅವರು ರೋಗಿಯಲ್ಲ, ಸಾಮಾನ್ಯವಾಗಿ ಎಲ್ಲರಂತೆ ಬದುಕುತ್ತಾರೆ. ಇಬ್ಬರಿಂದಲೂ ಬಂದರೆ ಕಾಯಿಲೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನಕ್ಕೆ ಪ್ರಧಾನಿ ಚಾಲನೆ ನೀಡಿದರು. ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ನಿರ್ಮೂಲನೆ ಎಂಬ ಗುರಿ ಇಡಲಾಯಿತು. ಅದಕ್ಕೂ ಮೊದಲೇ ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಆರೋಗ್ಯ ಸೇವೆ ಆರಂಭಿಸಿದವರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಒಂದು. ಮೈಸೂರಿನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ 1984ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನು ನಡೆಸುತ್ತಿದೆ.

ಯಂತ್ರ ಮಾಡುವ ಕೆಲಸ

ಹಾಡಿಯಲ್ಲಿ ನಡೆಯುವ ಮೊದಲ ತಪಾಸಣೆ ಸರಳ. ಬೆರಳಿನಿಂದ ತೆಗೆದ ಒಂದು ಹನಿ ರಕ್ತವನ್ನು ದ್ರಾವಣಕ್ಕೆ ಹಾಕಿ ಅದು ಮಸುಕಾಗುವುದೇ ಎಂದು ನೋಡುತ್ತಾರೆ, ಅಥವಾ ಸಣ್ಣ ಕಿಟ್ ಬಳಸುತ್ತಾರೆ. ದ್ರಾವಣದ ಪರೀಕ್ಷೆ ಎಸ್ ಇದೆಯೇ ಎಂದಷ್ಟೇ ಹೇಳುತ್ತದೆ. ವಾಹಕರೋ ರೋಗಿಯೋ ಎಂದು ಬೇರ್ಪಡಿಸಿ ಹೇಳುವುದಿಲ್ಲ. ಅದಕ್ಕೆ ಬೇಕಾದದ್ದು ಎಚ್‌ಪಿಎಲ್‌ಸಿ ಎಂಬ ಯಂತ್ರ.

ಅದು ಕೆಲಸ ಮಾಡುವ ಬಗೆಯನ್ನು ಹೀಗೆ ಊಹಿಸಬಹುದು. ಭಾನುವಾರ ಬಲಿಪೂಜೆ ಮುಗಿದ ಮೇಲೆ ಎಲ್ಲರೂ ಒಂದೇ ಬಾಗಿಲಿನಿಂದ ಹೊರಗೆ ಬರುತ್ತಾರೆ. ಪರಿಚಯ ಕಡಿಮೆ ಇದ್ದವರು ನೇರವಾಗಿ ಮನೆಗೆ ಹೋಗುತ್ತಾರೆ. ನೆಂಟರು, ಗೆಳೆಯರು ಹೆಚ್ಚಿರುವವರು ಅಲ್ಲಲ್ಲಿ ಮಾತಿಗೆ ನಿಂತು ತಡವಾಗಿ ಗೇಟು ದಾಟುತ್ತಾರೆ. ಯಂತ್ರದೊಳಗೆ ಬೆರಳುದ್ದದ ಒಂದು ಕೊಳವೆ ಇದೆ, ಅದಕ್ಕೆ ಕಾಲಂ ಎನ್ನುತ್ತಾರೆ. ಒಡೆದ ರಕ್ತಕಣಗಳ ದ್ರವವನ್ನು ಅದರೊಳಗೆ ಹಾಯಿಸಿದಾಗ ವಿದ್ಯುದಂಶದ ವ್ಯತ್ಯಾಸದಿಂದಾಗಿ ಪ್ರತಿಯೊಂದು ಹಿಮೋಗ್ಲೋಬಿನ್ ಬೇರೆ ಬೇರೆ ಹೊತ್ತು ಅಲ್ಲಿ ಅಂಟಿಕೊಂಡು, ಬೇರೆ ಬೇರೆ ಸಮಯಕ್ಕೆ ಹೊರಬರುತ್ತದೆ. ಹೊರಬಂದದ್ದನ್ನು ಬೆಳಕಿನಿಂದ ಅಳೆದು ಯಂತ್ರ ಕಾಗದದ ಮೇಲೆ ಗುಡ್ಡಗಳಂತೆ ಗೀಚುತ್ತದೆ. ಯಾವ ಗುಡ್ಡ ಎಷ್ಟು ಹೊತ್ತಿಗೆ ಎದ್ದಿತು ಎಂಬುದರಿಂದ ಬಗೆ ತಿಳಿಯುತ್ತದೆ, ಗುಡ್ಡದ ಗಾತ್ರದಿಂದ ಪ್ರಮಾಣ ತಿಳಿಯುತ್ತದೆ.

ಬಹಳ ಕಡೆ ಬಳಕೆಯಲ್ಲಿರುವ ಒಂದು ಕ್ರಮದಲ್ಲಿ ಒಂದು ಮಾದರಿಗೆ ಸುಮಾರು ಆರೂವರೆ ನಿಮಿಷ ಬೇಕು. ಅದರಲ್ಲಿ 'ಡಿ' ಎಂಬ ಬಗೆ 3.9ರಿಂದ 4.3 ನಿಮಿಷದೊಳಗೆ ಬರುತ್ತದೆ, ಎಸ್ 4.3ರಿಂದ 4.7 ನಿಮಿಷದೊಳಗೆ. ನಡುವೆ ಅರ್ಧ ನಿಮಿಷದ ಅಂತರವೂ ಇಲ್ಲ. ಪಂಪಿನ ವೇಗ ಸ್ವಲ್ಪ ತಪ್ಪಿದರೆ, ಕಾಲಂನ ಶಾಖ ಏರುಪೇರಾದರೆ, ನಳಿಕೆಯಲ್ಲಿ ಗಾಳಿಗುಳ್ಳೆ ಸೇರಿದರೆ, ಎಸ್‌ನ ಗುಡ್ಡ ಡಿಯ ಜಾಗಕ್ಕೆ ಜರುಗಬಹುದು. ಯಂತ್ರ ಆಗಲೂ ವರದಿಯನ್ನು ಅಚ್ಚು ಹಾಕಿ ಕೊಡುತ್ತದೆ. ಯಂತ್ರವನ್ನು ನೆಲೆಗೊಳಿಸುವ ಎಲ್ಲ ಶ್ರಮವೂ ಈ ಅರ್ಧ ನಿಮಿಷವನ್ನು ಕಾಪಾಡುವುದಕ್ಕಾಗಿ.

ಕೋಣೆ ಮತ್ತು ಮೇಜು

ಪೆಟ್ಟಿಗೆ ಬರುವ ಮೊದಲೇ ಬಾಗಿಲು, ಮೆಟ್ಟಿಲು, ತಿರುವುಗಳನ್ನು ಅಳೆದು ನೋಡಬೇಕು. ಇದು ಸಣ್ಣ ಮಾತೆನಿಸಬಹುದು, ಆದರೆ ಯಂತ್ರವನ್ನು ಓರೆ ಮಾಡಿ, ಎತ್ತಿ ಕುಕ್ಕಿ ಒಳಗೆ ತಂದರೆ ಹಾನಿ ಅಲ್ಲೇ ಆಗುತ್ತದೆ. ಮೇಜು ಅಲುಗಾಡಬಾರದು. ಗೋಡೆಗೆ ಕಟ್ಟಿದ ಗ್ರಾನೈಟ್ ಅಥವಾ ಕಡಪ ಕಲ್ಲಿನ ಹಲಗೆ ಒಳ್ಳೆಯದು. ರಕ್ತದ ಟ್ಯೂಬುಗಳನ್ನು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್ ಅದೇ ಮೇಜಿನ ಮೇಲೆ ಇರಬಾರದು, ಅದರ ಅದುರು ಈ ಯಂತ್ರಕ್ಕೆ ತಾಗುತ್ತದೆ. ಸಮಮಟ್ಟವನ್ನು ಗಾರೆಯವರ ರಸಮಟ್ಟ ಇಟ್ಟು ನೋಡಬೇಕು. ಗಾಳಿ ಆಡಲು ಮತ್ತು ಇಂಜಿನಿಯರ್ ಕೈ ಹಾಕಲು ಹಿಂದೆ ಕನಿಷ್ಠ ಒಂದು ಗೇಣು ಜಾಗ ಬಿಡಬೇಕು.

ಕಿಟಕಿಯ ಬಿಸಿಲು ಯಂತ್ರದ ಮೇಲೆ ಬೀಳಬಾರದು, ಎಸಿಯ ಗಾಳಿ ನೇರವಾಗಿ ಹೊಡೆಯಲೂಬಾರದು. ಕೋಣೆಯ ಉಷ್ಣಾಂಶ ದಿನವಿಡೀ ಒಂದೇ ಮಟ್ಟದಲ್ಲಿರಬೇಕು. ಬೆಳಿಗ್ಗೆ 20 ಡಿಗ್ರಿ, ಮಧ್ಯಾಹ್ನ 33 ಡಿಗ್ರಿ ಎಂದಾದರೆ ಬೆಳಗಿನ ಹೊಂದಾಣಿಕೆ ಮಧ್ಯಾಹ್ನಕ್ಕೆ ನಿಲ್ಲುವುದಿಲ್ಲ. ಬಯಲುಸೀಮೆಯ ಅಂಚಿನ ಊರುಗಳಲ್ಲಿ ಬೇಸಿಗೆಯ ಕೆಮ್ಮಣ್ಣಿನ ಧೂಳು ಶತ್ರು, ನಮ್ಮ ಕರಾವಳಿಯಲ್ಲಿ ಮಳೆಗಾಲದ ತೇವ ಶತ್ರು. ಎರಡಕ್ಕೂ ಪರಿಹಾರ ಮುಚ್ಚಿದ ಕೋಣೆ ಮತ್ತು ಗೋಡೆಯ ಮೇಲೊಂದು ಉಷ್ಣಮಾಪಕ. ದಿನಕ್ಕೆ ಎರಡು ಬಾರಿ ಅದನ್ನು ನೋಡಿ ಪುಸ್ತಕದಲ್ಲಿ ಬರೆದಿಡಬೇಕು.

ಕರೆಂಟು

ಹಳ್ಳಿಗಾಡಿನಲ್ಲಿ ಯಂತ್ರಗಳು ಹೆಚ್ಚಾಗಿ ಕೆಡುವುದು ಕರೆಂಟಿನಿಂದ. ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದರೆ ವೋಲ್ಟೇಜ್ ಕುಸಿಯುತ್ತದೆ, ನಿಂತಾಗ ಏರುತ್ತದೆ. ಆದ್ದರಿಂದ ಮೀಟರ್ ಬೋರ್ಡಿನಿಂದಲೇ ಈ ಯಂತ್ರಕ್ಕೆ ಪ್ರತ್ಯೇಕ ಲೈನ್ ಎಳೆಯಬೇಕು. ಅರ್ಥಿಂಗ್ ಹೊಸದಾಗಿ ಮಾಡಿಸುವುದು ಒಳ್ಳೆಯದು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ 3 ವೋಲ್ಟ್‌ಗಿಂತ ಕಡಿಮೆ ಇರಬೇಕೆಂದು ಇಂಜಿನಿಯರುಗಳು ಸಾಮಾನ್ಯವಾಗಿ ಕೇಳುತ್ತಾರೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೆ ಈ ಅಂಕಿ ಏರುತ್ತದೆ, ಆಗ ನೀರು ಹಾಕಿಸಬೇಕು.

ಯುಪಿಎಸ್ ಆನ್‌ಲೈನ್ ಬಗೆಯದ್ದಾಗಿರಬೇಕು. ಮನೆಯಲ್ಲಿ ಬಳಸುವ ಇನ್ವರ್ಟರ್ ಸಾಲದು, ಕರೆಂಟು ಹೋದ ಕ್ಷಣದಲ್ಲಿ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು ತಡ ಮಾಡುತ್ತದೆ. ಆ ಹೊತ್ತಿನಲ್ಲಿ ಯಂತ್ರ ನಿಂತು ಓಡುತ್ತಿದ್ದ ಮಾದರಿ ಹಾಳಾಗುತ್ತದೆ. ಅದೇ ಯುಪಿಎಸ್‌ಗೆ ಫ್ರಿಜ್ ಅಥವಾ ಫ್ಯಾನು ಸಿಕ್ಕಿಸುವ ಆಸೆಯನ್ನು ಬಿಡಬೇಕು.

ನೀರು, ಔಷಧಿ, ಫ್ರಿಜ್

ಯಂತ್ರದೊಳಗೆ ಹರಿಯುವ ಬಫರ್ ದ್ರಾವಣಗಳು ಕಂಪನಿಯಿಂದ ಸಿದ್ಧವಾಗಿಯೇ ಬರುತ್ತವೆ. ಆದರೆ ಪುಡಿಯ ರೂಪದಲ್ಲಿ ಬರುವ ಕ್ಯಾಲಿಬ್ರೇಟರ್ ಮತ್ತು ಕಂಟ್ರೋಲ್‌ಗಳನ್ನು ಶುದ್ಧೀಕರಿಸಿದ ನೀರಿನಲ್ಲಿ ಕರಗಿಸಬೇಕು. ಬೋರ್‌ವೆಲ್ ನೀರನ್ನು ಕುದಿಸಿ ಆರಿಸಿದರೆ ಸಾಲದು, ಅದರ ಲವಣ ಹಾಗೆಯೇ ಉಳಿಯುತ್ತದೆ. ಹಾಕುವ ನೀರಿನ ಅಳತೆ ಪಿಪೆಟ್‌ನಿಂದ ಕರಾರುವಾಕ್ಕಾಗಿರಬೇಕು. ಇಲ್ಲಿ ಹನಿ ಹೆಚ್ಚು ಕಡಿಮೆಯಾದರೆ ಮುಂದಿನ ಎಲ್ಲ ವರದಿಗಳ ಬುಡವೇ ಸಡಿಲವಾಗುತ್ತದೆ.

ಕಂಟ್ರೋಲ್‌ಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರಿಜ್ ಈ ಕೆಲಸಕ್ಕೇ ಮೀಸಲಾಗಿರಲಿ. ಊಟದ ಡಬ್ಬಿ, ಹಾಲಿನ ಪ್ಯಾಕೆಟ್ ಅದರೊಳಗೆ ಹೋಗಕೂಡದು. ಒಂದು ಕಿಟ್‌ನ ಕಾಲಂ, ಬಫರ್, ಕ್ಯಾಲಿಬ್ರೇಟರ್‌ಗಳ ಲಾಟ್ ಸಂಖ್ಯೆಗಳು ಒಂದಕ್ಕೊಂದು ಹೊಂದುವಂತೆ ಬರುತ್ತವೆ. ಹಳೆಯ ಪೆಟ್ಟಿಗೆಯಲ್ಲಿ ಉಳಿದದ್ದನ್ನು ಹೊಸದರ ಜೊತೆ ಸೇರಿಸಿ ಉಳಿತಾಯ ಮಾಡಲು ಹೋಗಬಾರದು.

ಚಾಲೂ ಮಾಡಿದ ದಿನ ಕೆಲಸ ಮುಗಿಯುವುದಿಲ್ಲ

ಇಂಜಿನಿಯರ್ ಬಂದು ಸಾಗಾಟದ ಕ್ಲಿಪ್ಪುಗಳನ್ನು ತೆಗೆದು, ನಳಿಕೆಗಳನ್ನು ಜೋಡಿಸಿ, ಗಾಳಿಗುಳ್ಳೆ ಹೊರಹಾಕಿ, ಸೋರಿಕೆ ಮತ್ತು ಒತ್ತಡ ನೋಡಿ, ಕಾಲಂ ಬಿಸಿಯಾಗುವವರೆಗೆ ಕಾಯುತ್ತಾರೆ. ಬಳಿಕ ಕಾಲಂಗೆ ಮೊದಲ ರಕ್ತ ಕುಡಿಸುವ ಪ್ರೈಮಿಂಗ್, ಆಮೇಲೆ ಕ್ಯಾಲಿಬ್ರೇಶನ್. ಇಷ್ಟಾದಾಗ ಸಾಮಾನ್ಯವಾಗಿ ರಿಬ್ಬನ್ ಕತ್ತರಿಸಿ ಫೋಟೋ ತೆಗೆಯುತ್ತಾರೆ. ಆದರೆ ರೋಗಿಯ ವರದಿ ಕೊಡಲು ಯಂತ್ರ ಇನ್ನೂ ತಯಾರಾಗಿಲ್ಲ.

ಮುಂದಿನ ಕೆಲಸ ಪ್ರಯೋಗಾಲಯದವರದು. ಒಂದೇ ರಕ್ತವನ್ನು ಇಪ್ಪತ್ತು ಬಾರಿ ಓಡಿಸಿ ಪ್ರತಿ ಬಾರಿಯೂ ಬಹುತೇಕ ಅದೇ ಉತ್ತರ ಬರುವುದೇ ನೋಡಬೇಕು. ಎಸ್ ಹೆಚ್ಚಿರುವ ರಕ್ತದ ನಂತರ ಸಹಜ ರಕ್ತ ಓಡಿಸಿ ಹಿಂದಿನದರ ಶೇಷ ಮುಂದಿನದಕ್ಕೆ ಬರುವುದಿಲ್ಲವೆಂದು ಖಚಿತಪಡಿಸಬೇಕು. ಈಗಾಗಲೇ ಉತ್ತರ ಗೊತ್ತಿರುವ ಮಾದರಿಗಳನ್ನು, ಅಂದರೆ ಸಹಜ, ವಾಹಕ, ರೋಗಿ ಮೂರೂ ಬಗೆಯವನ್ನು, ದೊಡ್ಡ ಪ್ರಯೋಗಾಲಯದ ವರದಿಯೊಂದಿಗೆ ಹೋಲಿಸಬೇಕು. ಎಲ್ಲವೂ ಹೊಂದಿದ ಮೇಲೆ ಮುಖ್ಯಸ್ಥರು ಸಹಿ ಹಾಕಿ ತಾರೀಕು ಬರೆಯಬೇಕು. ಯಂತ್ರದ ನಿಜವಾದ ಉದ್ಘಾಟನೆ ಆ ದಿನ.

ಅನಂತರ ಪ್ರತಿದಿನ ಬೆಳಿಗ್ಗೆ ಮೊದಲು ಎರಡು ಮಟ್ಟದ ಕಂಟ್ರೋಲ್ ಓಡಿಸಿ ಬಂದ ಅಂಕಿಯನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕಿಯಾಗಿ ಗುರುತಿಸಬೇಕು. 1950ರಲ್ಲಿ ಲೆವಿ ಮತ್ತು ಜೆನ್ನಿಂಗ್ಸ್ ಎಂಬವರು ಪ್ರಯೋಗಾಲಯಗಳಿಗೆ ತೋರಿಸಿಕೊಟ್ಟ ಕ್ರಮವಿದು. ಚುಕ್ಕಿಗಳು ನಡುಗೆರೆಯ ಆಚೀಚೆ ಚದುರಿದ್ದರೆ ಸಮಾಧಾನ. ದಿನದಿಂದ ದಿನಕ್ಕೆ ಒಂದೇ ಕಡೆಗೆ ಜಾರುತ್ತಿದ್ದರೆ ಕಾಲಂ ಹಳತಾಗುತ್ತಿದೆ ಎಂದರ್ಥ. ಗಡಿಗೆರೆ ದಾಟಿದರೆ ಆ ದಿನ ವರದಿ ಕೊಡಬಾರದು, ಹೊರಗೆ ಎಷ್ಟೇ ಜನ ಕಾಯುತ್ತಿರಲಿ. ಹೀಗೆ ಇಲ್ಲವೆನ್ನುವ ಅಧಿಕಾರವನ್ನು ಆಡಳಿತದವರು ಲ್ಯಾಬ್ ಟೆಕ್ನೀಶಿಯನ್ನರಿಗೆ ಮೊದಲೇ ಕೊಟ್ಟಿರಬೇಕು.

ಹಾಡಿಯಿಂದ ಯಂತ್ರದವರೆಗೆ

ಯಂತ್ರ ಎಷ್ಟೇ ಸರಿಯಿದ್ದರೂ ಟ್ಯೂಬ್ ಅದಲುಬದಲಾದರೆ ಎಲ್ಲವೂ ವ್ಯರ್ಥ. ನಮ್ಮ ಒಂದೊಂದು ವಾರ್ಡಿನಲ್ಲಿ ಎಷ್ಟು ಡಿಸೋಜ, ಎಷ್ಟು ಲೋಬೊ ಇದ್ದಾರೆಂದು ನಮಗೆ ಗೊತ್ತು. ಹಾಡಿಯಲ್ಲೂ ಒಂದೇ ಹೆಸರಿನ ಇಬ್ಬರು ಮೂವರು ಇರಬಹುದು. ಆದ್ದರಿಂದ ಹೆಸರಿನ ಜೊತೆ ತಂದೆ ಅಥವಾ ತಾಯಿಯ ಹೆಸರು, ವಯಸ್ಸು, ಹಾಡಿ ಮತ್ತು ಒಂದು ಸಂಖ್ಯೆ ಬೇಕು. ರಕ್ತ ತೆಗೆದ ಕೂಡಲೇ, ಆ ವ್ಯಕ್ತಿ ಎದುರಿಗಿರುವಾಗಲೇ ಟ್ಯೂಬಿನ ಮೇಲೆ ಬರೆಯಬೇಕು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬನ್ನು ಎಂಟು ಹತ್ತು ಬಾರಿ ಮೆಲ್ಲನೆ ಮಗುಚಬೇಕು, ಕುಲುಕಬಾರದು. ಐಸ್ ಪೆಟ್ಟಿಗೆಯಲ್ಲಿ ಟ್ಯೂಬ್ ನೇರವಾಗಿ ಮಂಜುಗಡ್ಡೆಗೆ ತಾಗಬಾರದು, ರಕ್ತ ಹೆಪ್ಪುಗಟ್ಟಿ ಕಣಗಳು ಒಡೆಯುತ್ತವೆ.

ಅರ್ಜಿಯಲ್ಲಿ ಒಂದು ಪ್ರಶ್ನೆ ಕಡ್ಡಾಯ: ಕಳೆದ ಮೂರ್ನಾಲ್ಕು ತಿಂಗಳಲ್ಲಿ ರಕ್ತ ಕೊಡಿಸಿದ್ದೀರಾ? ಕಾಯಿಲೆಯಿರುವ ಮಗುವಿನಲ್ಲಿ ಎಸ್ ಹೆಚ್ಚು, ಎ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ವಾಹಕರಲ್ಲಿ ಎಸ್ ಸಾಮಾನ್ಯವಾಗಿ ನೂರಕ್ಕೆ 30ರಿಂದ 40, ಉಳಿದದ್ದು ಹೆಚ್ಚಾಗಿ ಎ. ಕಾಯಿಲೆಯ ಮಗುವಿಗೆ ತೀರಾ ರಕ್ತಹೀನತೆಯಾಗಿ ಯಾವುದೋ ಆಸ್ಪತ್ರೆಯಲ್ಲಿ ರಕ್ತ ಕೊಟ್ಟಿದ್ದರೆ, ದಾನಿಯ ಎ ಹಿಮೋಗ್ಲೋಬಿನ್ ಅದರ ದೇಹದಲ್ಲಿ ಓಡಾಡುತ್ತಿರುತ್ತದೆ. ಆಗ ಯಂತ್ರಕ್ಕೆ ಎ ಮತ್ತು ಎಸ್ ಎರಡೂ ಕಾಣುತ್ತವೆ. ರೋಗಿಯಾದ ಮಗುವಿಗೆ ವಾಹಕ ಎಂಬ ಚೀಟಿ ಸಿಗುತ್ತದೆ. ಯಂತ್ರ ತಪ್ಪಿಲ್ಲ, ನಾವು ಕೇಳಬೇಕಾದ ಪ್ರಶ್ನೆಯನ್ನು ಕೇಳಲಿಲ್ಲ.

ನವಜಾತ ಶಿಶುಗಳಲ್ಲಿ 'ಎಫ್' ಎಂಬ ಗರ್ಭಕಾಲದ ಹಿಮೋಗ್ಲೋಬಿನ್ ಹೆಚ್ಚಿರುವುದರಿಂದ ಅವರಿಗೆ ಬೇರೆ ಕ್ರಮವಿದೆ. ಕಬ್ಬಿಣದ ಕೊರತೆಯಿದ್ದರೆ ಥಲಸ್ಸೀಮಿಯಾ ವಾಹಕರನ್ನು ಗುರುತಿಸುವ 'ಎ2' ಅಂಕಿ ತಗ್ಗಿ ಮೋಸ ಮಾಡಬಹುದು. ಎಸ್ ಇದ್ದ ಜಾಗದಲ್ಲಿ ಬೇರೆ ಅಪರೂಪದ ಬಗೆಗಳೂ ಬರಬಹುದಾದ್ದರಿಂದ ಇನ್ನೊಂದು ವಿಧಾನದಿಂದಲೂ ತಾಳೆ ನೋಡಿ ವರದಿ ಬರೆಯುತ್ತಾರೆ. ಸಂಶಯವಿದ್ದರೆ ತಂದೆತಾಯಿಯ ರಕ್ತವನ್ನೂ ನೋಡುತ್ತಾರೆ.

ತಪ್ಪು ವರದಿಯ ಬೆಲೆ

ಕಾಯಿಲೆಯಿರುವ ಮಗುವಿಗೆ ಐದು ವರ್ಷದವರೆಗೆ ಪೆನಿಸಿಲಿನ್, ನ್ಯುಮೋನಿಯಾ ವಿರುದ್ಧದ ಲಸಿಕೆ, ಫೋಲಿಕ್ ಆಮ್ಲ ಮತ್ತು ವೈದ್ಯರು ಸೂಚಿಸಿದರೆ ಹೈಡ್ರಾಕ್ಸಿಯೂರಿಯಾ ಸಿಗಬೇಕು. ಇವುಗಳಿಂದ ನೋವಿನ ಸರದಿಗಳು ಕಡಿಮೆಯಾಗುತ್ತವೆ, ಜೀವ ಉಳಿಯುತ್ತದೆ. ವಾಹಕ ಎಂದು ತಪ್ಪಾಗಿ ಬರೆದರೆ ಇದ್ಯಾವುದೂ ಸಿಗುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಆರೋಗ್ಯವಂತ ಹುಡುಗಿಗೆ ರೋಗಿ ಎಂದು ಬರೆದರೆ ಆಕೆಯ ಮದುವೆ, ಮನೆಯ ಮರ್ಯಾದೆ ಎಲ್ಲಕ್ಕೂ ಪೆಟ್ಟು. ಅಭಿಯಾನದಲ್ಲಿ ಕೊಡುವ ಕಾರ್ಡು ಆ ವ್ಯಕ್ತಿಯ ಜೊತೆ ಜೀವಮಾನವಿಡೀ ಇರುತ್ತದೆ. ಆದ್ದರಿಂದ ಫಲಿತಾಂಶವನ್ನು ಹಾಡಿಯ ಸಭೆಯಲ್ಲಿ ಓದಿ ಹೇಳಬಾರದು. ಮನೆಯವರನ್ನು ಪ್ರತ್ಯೇಕ ಕೂರಿಸಿ, ಅವರ ಮಾತಿನಲ್ಲೇ ತಿಳಿಸಬೇಕು.

ದಾನ ಮಾಡುವವರಿಗೆ ಒಂದು ಮಾತು

ಒಂದು ಕಾಲಂನಿಂದ ಇಂತಿಷ್ಟೇ ಪರೀಕ್ಷೆ ಮಾಡಬಹುದೆಂಬ ಮಿತಿಯಿದೆ. ದಿನಕ್ಕೆ ಎರಡು ಮೂರು ಮಾದರಿ ಮಾತ್ರ ಬರುವ ದವಾಖಾನೆಯಲ್ಲಿ ಕಂಟ್ರೋಲ್‌ಗೇ ಹೆಚ್ಚು ಖರ್ಚಾಗಿ, ಔಷಧಿಗಳ ಅವಧಿ ಮುಗಿದು, ಕೊನೆಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಗಿಡುತ್ತಾರೆ. ಹಾಗಾಗಿ ಹಾಡಿಗಳಲ್ಲಿ ಸರಳ ಪರೀಕ್ಷೆ, ಸಂಶಯವಿದ್ದ ಮಾದರಿಗಳೆಲ್ಲ ಒಂದು ಕೇಂದ್ರ ಪ್ರಯೋಗಾಲಯಕ್ಕೆ ಎಂಬ ವ್ಯವಸ್ಥೆಯೇ ಲೇಸು.

ಯಂತ್ರ ಕೊಡಿಸುವ ಮೊದಲು ಈ ಐದು ಪ್ರಶ್ನೆಗಳನ್ನು ಕೇಳಿರಿ:

1. ತಿಂಗಳಿಗೆ ಎಷ್ಟು ಮಾದರಿಗಳು ಬರುತ್ತವೆ?
2. ಮೂರು ವರ್ಷದ ಕಾಲಂ, ಬಫರ್, ಕಂಟ್ರೋಲ್‌ಗಳ ಖರ್ಚು ಯಾರದು?
3. ವಾರಂಟಿ ಮುಗಿದ ಮೇಲೆ ಸರ್ವಿಸ್ ಕರಾರು ಇದೆಯೇ, ಇಂಜಿನಿಯರ್ ಎಲ್ಲಿಂದ ಬರಬೇಕು?
4. ತರಬೇತಿ ಪಡೆದ ಇಬ್ಬರಾದರೂ ಇದ್ದಾರೆಯೇ? ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಬೇಕು.
5. ಬಳಸಿದ ಟ್ಯೂಬ್ ಮತ್ತು ರಕ್ತವನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಸ್ಥಳದಲ್ಲೇ ಸೋಂಕುರಹಿತ ಮಾಡಿ ಕಳುಹಿಸುವ ಏರ್ಪಾಡು ಇದೆಯೇ?

ಉತ್ತರ ಸರಿಯಿಲ್ಲದಿದ್ದರೆ ಬೇಸರಪಡಬೇಕಾಗಿಲ್ಲ. ಅದೇ ಹಣದಿಂದ ಒಂದು ಒಳ್ಳೆಯ ಯುಪಿಎಸ್, ಒಂದು ಫ್ರಿಜ್, ಒಬ್ಬ ಟೆಕ್ನೀಶಿಯನ್‌ನ ತರಬೇತಿ ಅಥವಾ ಹಾಡಿಯಿಂದ ರಕ್ತದ ಮಾದರಿ ತರುವ ವಾಹನದ ಖರ್ಚು ಕೊಟ್ಟರೂ ಅದು ದೊಡ್ಡ ಸೇವೆಯೇ. ಇವುಗಳ ಮೇಲೆ ದಾನಿಯ ಹೆಸರಿನ ಫಲಕ ಹಾಕುವುದು ಕಷ್ಟ. ಆದರೆ ನಾಗರಹೊಳೆಯ ಅಂಚಿನ ಒಂದು ಮಗುವಿನ ವರದಿಯಲ್ಲಿ ಎಸ್‌ನ ಗುಡ್ಡ ತನ್ನ ಜಾಗದಲ್ಲೇ ಏಳುವುದು ಇವುಗಳಿಂದಲೇ.